ಇದಲೀನಾ ದಾಟಿಸಿದ ಮಾತು

ನಮ್ಮದು ಮೂರಂತಸ್ತಿನ ಮರದ ಮನೆ. ಅಮೆರಿಕದ ಫಾಲ್ ರಿವರ್ ಊರಿನಲ್ಲಿ ಹಳೆಯ ಗಿರಣಿಗಳ ಸುತ್ತಮುತ್ತ ಇಂಥ ಮನೆಗಳೇ ಹೆಚ್ಚು. ಕೆಳಗೆ ನಾನಿದ್ದೇನೆ, ನಡುವಿನ ಅಂತಸ್ತಿನಲ್ಲಿ ಇದಲೀನಾ ಮತ್ತು ಅವಳ ಗಂಡ ಗ್ವಾಲ್ತೆರ್. ಮೇಲಿನ ಮನೆಗೆ ಯಾರು ಯಾರೋ ಬರುತ್ತಾರೆ, ಹೋಗುತ್ತಾರೆ. ಇದಲೀನಾಳ ಮಗಳ ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳು ನಾನು. ಅಂದಿನಿಂದ ನಾವಿಬ್ಬರೂ ಹೆಸರು ಹಿಡಿದು ಕರೆದುಕೊಂಡಿಲ್ಲ. ಅವಳು ನನಗೆ ಕೊಮಾದ್ರೆ, ಅಂದರೆ ಜೊತೆತಾಯಿ, ನಾನು ಅವಳಿಗೆ ಕೊಮಾದ್ರೆ. ಆ ಮಗಳೀಗ ನದಿಯಾಚೆಯ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ.

ಇದಲೀನಾ ಪೋರ್ಚುಗಲ್ಲಿನ ಸಾವ್ ಮಿಗೆಲ್ ದ್ವೀಪದಿಂದ ಬಂದಾಗ ಅವಳಿಗೆ ಹನ್ನೊಂದು ವರ್ಷ. ಆರು ತಿಂಗಳಲ್ಲಿ ಇಂಗ್ಲಿಷ್ ಕಲಿತಳು. ಕಲಿತದ್ದೇ ತಡ, ಇಡೀ ಬೀದಿಯ ಹೆಂಗಸರು ಅವಳ ಕೈ ಹಿಡಿದು ಎಳೆದುಕೊಂಡು ಹೋಗತೊಡಗಿದರು. ಡಾಕ್ಟರ ಹತ್ತಿರ, ಮನೆ ಮಾಲೀಕನ ಹತ್ತಿರ, ಶಾಲೆಯ ಮೇಷ್ಟರ ಹತ್ತಿರ. ಹದಿಮೂರು ತುಂಬುವಷ್ಟರಲ್ಲಿ ನಮ್ಮ ಚರ್ಚಿನ ಅರ್ಧದಷ್ಟು ಹೆಂಗಸರ ಗರ್ಭಕೋಶದ ಸಮಾಚಾರ ಅವಳಿಗೆ ಗೊತ್ತಿತ್ತು. ಒಂದನ್ನೂ ಎಲ್ಲೂ ಬಾಯಿ ಬಿಟ್ಟವಳಲ್ಲ. ಹದಿನಾರಕ್ಕೆ ಪರದೆ ಹೊಲಿಯುವ ಕಾರ್ಖಾನೆಗೆ ಸೇರಿದಳು. ಇಪ್ಪತ್ತೆಂಟು ವರ್ಷ ನಾನೂ ಅವಳೂ ಅಕ್ಕಪಕ್ಕದ ಯಂತ್ರಗಳಲ್ಲಿ ಕೂತೆವು. ಮೇಸ್ತ್ರಿ ಕೂಗಿದ್ದನ್ನು ನಮಗೆ ಹೇಳುವವಳು ಅವಳೇ, ನಾವು ಬೈದದ್ದನ್ನು ಮೇಸ್ತ್ರಿಗೆ ಮೆತ್ತಗೆ ಮಾಡಿ ಹೇಳುವವಳೂ ಅವಳೇ.

ಕಾರ್ಖಾನೆ ಮುಚ್ಚಿದ ಮೇಲೆ ನಾನು ಮನೆಯಲ್ಲಿ ಕೂತೆ. ಅವಳು ಕೂರುವ ಹಾಗಿರಲಿಲ್ಲ. ಗ್ವಾಲ್ತೆರನ ಮೂತ್ರಪಿಂಡ ಆಗಲೇ ಕೈಕೊಟ್ಟಿತ್ತು, ವಾರಕ್ಕೆ ಮೂರು ದಿನ ರಕ್ತ ಶುದ್ಧಿ ಮಾಡಿಸಬೇಕಿತ್ತು. ಅವಳ ಕೆಲಸದ ವಿಮೆ ಇಲ್ಲದೆ ಅದು ನಡೆಯುವ ಮಾತಲ್ಲ. ನಲವತ್ತೈದರ ವಯಸ್ಸಿನಲ್ಲಿ ಕಾಲೇಜಿಗೆ ಹೋಗಿ, ಮೂಳೆಗಳ ಹೆಸರು, ನರಗಳ ಹೆಸರು ಎಲ್ಲ ಬಾಯಿಪಾಠ ಮಾಡಿ, ದುಭಾಷಿಯ ಪ್ರಮಾಣಪತ್ರ ತಂದಳು. ಒಂದು ಕಂಪನಿ ಅವಳನ್ನು ಫೋನಿನ ಕೆಲಸಕ್ಕೆ ತೆಗೆದುಕೊಂಡಿತು. ಅಡುಗೆಮನೆಯ ಹಿಂದಿನ ಉಗ್ರಾಣವೇ ಅವಳ ಕಚೇರಿ. ಗ್ವಾಲ್ತೆರನ ಹಾಡುಹಕ್ಕಿಯ ಸದ್ದು ಒಳಗೆ ಬರಬಾರದೆಂದು ಬಾಗಿಲಿಗೆ ಅವಳಮ್ಮನ ಹಳೆಯ ಕೌದಿಯನ್ನು ಮೊಳೆ ಹೊಡೆದು ತೂಗುಬಿಟ್ಟಿದ್ದಳು.

ಕೆಲಸ ಏನೆಂದರೆ, ಇಂಗ್ಲಿಷ್ ಬಾರದ ನಮ್ಮ ಮುದುಕರು ತುರ್ತು ಸಂಖ್ಯೆಗೆ ಕರೆ ಮಾಡುತ್ತಾರಲ್ಲ, ಆ ಕರೆಯಲ್ಲಿ ಮೂರನೆಯ ದನಿಯಾಗಿ ಕೂರುವುದು. ಕರೆ ಎತ್ತಿಕೊಂಡವರು ನಾಲ್ಕು ಪ್ರಶ್ನೆ ಕೇಳುತ್ತಾರೆ. ಪ್ರಾಣಕ್ಕೆ ಅಪಾಯವಿದೆ ಅನ್ನಿಸಿದರೆ ಆಂಬುಲೆನ್ಸ್ ಹೊರಡುತ್ತದೆ. ಅಷ್ಟೇನಿಲ್ಲ ಅನ್ನಿಸಿದರೆ ಒಬ್ಬ ನರ್ಸಿಗೆ ದಾಟಿಸುತ್ತಾರೆ. ಆ ನರ್ಸ್ ಸಾವಿರಾರು ಮೈಲಿ ದೂರದ ಯಾವುದೋ ಊರಿನಲ್ಲಿ ಕಂಪ್ಯೂಟರ್ ಪರದೆಯ ಮುಂದೆ ಕೂತಿರುತ್ತಾಳೆ. ಪರದೆ ಕೇಳು ಅಂದದ್ದನ್ನು ಕೇಳುತ್ತಾಳೆ, ಕೊನೆಗೆ ಪರದೆಯೇ ದಾರಿ ಹೇಳುತ್ತದೆ: ಆಂಬುಲೆನ್ಸ್, ಇಲ್ಲವೇ ಇವತ್ತೇ ಕ್ಲಿನಿಕ್ಕು, ಇಲ್ಲವೇ ಮನೆಯಲ್ಲೇ ಮಲಗಿ. ಕ್ಲಿನಿಕ್ಕಿಗಾದರೆ ಕಾರನ್ನೂ ಅವರೇ ಕಳಿಸುತ್ತಾರೆ.

ದುಭಾಷಿಗೆ ಹೆಸರಿಲ್ಲ, ಬರಿಯ ಸಂಖ್ಯೆ. ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಮುದುಕಿ 'ನನಗೆ ತಲೆ ಸುತ್ತುತ್ತೆ' ಅಂದರೆ ಇವಳೂ 'ನನಗೆ ತಲೆ ಸುತ್ತುತ್ತೆ' ಅನ್ನಬೇಕು, 'ಅವರಿಗೆ' ಅನ್ನುವ ಹಾಗಿಲ್ಲ. ಕರೆ ಮಾಡಿದವರು ಗುರುತಿನವರಾದರೆ ತಕ್ಷಣ ಹೇಳಿ ಬೇರೆ ದುಭಾಷಿಗೆ ಬಿಟ್ಟುಕೊಡಬೇಕು.

"ಹೇಗಿತ್ತೇ ಇವತ್ತು?" ಎಂದು ನಾನು ಕೇಳಿದರೆ ನಗುತ್ತಿದ್ದಳು. "ಬೆಳಿಗ್ಗೆಯಿಂದ ಎರಡು ಸಲ ಮೂರ್ಛೆ ಬಿದ್ದೆ ಕೊಮಾದ್ರೆ, ಒಂದು ಸಲ ಸೊಂಟ ಮುರಿದುಕೊಂಡೆ. ಮಧ್ಯಾಹ್ನ ನಾಲ್ಕು ದಿನದಿಂದ ಮಲವಿಸರ್ಜನೆ ಆಗಿಲ್ಲ ಅಂತ ಒಬ್ಬ ಗಂಡಸಾಗಿ ಅತ್ತೆ."

ನಮ್ಮ ದ್ವೀಪದ ಮಾತಿನಲ್ಲಿ 'ಸಂಕಟ' ಎಂದೊಂದು ಮಾತಿದೆ. ನಮ್ಮ ಮುದುಕರು 'ಸಂಕಟ ಆಗ್ತಿದೆ' ಅಂದರೆ ಎದೆಯೊಳಗೆ ಯಾರೋ ಹಿಂಡಿದ ಹಾಗೆ, ಉಸಿರು ಗಂಟಲಿಗೆ ಬಂದು ನಿಂತ ಹಾಗೆ. ದೊಡ್ಡ ನಾಡಿನ ಪೋರ್ಚುಗೀಸರಿಗೆ, ಬ್ರೆಜಿಲಿನವರಿಗೆ ಅದೇ ಮಾತು ಮನಸ್ಸಿನ ಬೇಗುದಿ. ಕಂಪನಿ ಕೊಟ್ಟ ಪದಪಟ್ಟಿಯಲ್ಲಿ ಆ ಮಾತಿನ ಎದುರು ಬರೆದಿದ್ದದ್ದು 'ಕಳವಳ' ಅನ್ನುವ ಅರ್ಥದ ಇಂಗ್ಲಿಷ್ ಪದ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಎವರಿಸ್ತು ಎಂಬ ಮುದುಕನ ಕರೆ ಬಂತು. ಬೆಳಗಿನಿಂದ ಸಂಕಟ ಅಂದ. ನರ್ಸ್ ಕಳವಳದ ಪ್ರಶ್ನೆಗಳನ್ನು ಶುರುಮಾಡಿದಳು. ನಿದ್ದೆ ಬರುತ್ತಾ, ಒಂಟಿತನ ಕಾಡುತ್ತಾ. ಇದಲೀನಾಳಿಗೆ ತಡೆಯಲಾಗಲಿಲ್ಲ. "ದುಭಾಷಿ ಮಾತಾಡ್ತಿದ್ದೀನಿ. ನಮ್ಮ ದ್ವೀಪದವರು ಈ ಮಾತು ಆಡಿದ್ರೆ ಅದು ಎದೆಯ ವಿಚಾರ" ಎಂದಳು. ನರ್ಸ್ ಆಂಬುಲೆನ್ಸ್ ಕಳಿಸಿದಳು. ಆಸ್ಪತ್ರೆಯಲ್ಲಿ ಆರು ಗಂಟೆ ಪರೀಕ್ಷೆ ಮಾಡಿದರು. ಎವರಿಸ್ತು ಹಿಂದಿನ ದಿನ ಒಬ್ಬನೇ ಒಂದು ಬಾಣಲೆ ಹುರಿದ ಶೊರೀಸು, ಹಂದಿಮಾಂಸದ ಸಾಸೇಜು, ತಿಂದಿದ್ದ, ಹೊಟ್ಟೆ ಉಬ್ಬರಿಸಿಕೊಂಡಿತ್ತು, ಇನ್ನೇನಿಲ್ಲ. ಅದೇ ಹೊತ್ತಿನಲ್ಲಿ ಊರಿನ ಇನ್ನೊಂದು ಕಡೆ ಆಂಬುಲೆನ್ಸ್ ಇಪ್ಪತ್ತು ನಿಮಿಷ ತಡವಾಗಿ ಹೋಯಿತಂತೆ. ದೂರು ಬಂತು.

ಮೇಲಧಿಕಾರಿ ಒಬ್ಬಳು ಫೋನಿನಲ್ಲೇ ವಿಚಾರಣೆ ಮಾಡಿದಳು. ಮೆತ್ತಗಿನ ದನಿಯಂತೆ. "ನೀವು ನರ್ಸ್ ಅಲ್ಲ" ಎಂದಳು. "ಒಳ್ಳೇ ಮನಸ್ಸಿಂದಲೇ ಹೇಳಿದ್ರಿ, ನಂಗೊತ್ತು. ಆದ್ರೆ ನಿಮ್ಮ ಮಾತು ಕರೆಯ ದಾರೀನೇ ತಿರುಗಿಸ್ತು. ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಇಟ್ಟುಕೊಳ್ಳೋಕೆ ಆಗಲ್ಲ." ಎಂಟು ಗಂಟೆಗಳ ಮರುತರಬೇತಿ ಕೊಟ್ಟರು. ತುರ್ತು ಕರೆಗಳಲ್ಲಿ ದುಭಾಷಿ ತನ್ನ ಕಡೆಯಿಂದ ಒಂದು ಟಿಪ್ಪಣಿಯನ್ನೂ ಸೇರಿಸಬಾರದೆಂದು ಹೊಸ ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ಎವರಿಸ್ತುವಿನ ಕಥೆಯನ್ನು ಅವಳು ನನಗೆ ಹೆಸರು ಹೇಳದೆ ಹೇಳಿ ನಕ್ಕಿದ್ದಳು. ಹೆಸರನ್ನು ಆ ಮುದುಕನೇ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. "ಆ ಫೋನಿನ ಹೆಣ್ಣುಮಗಳು ನನ್ನನ್ನ ರಾಜನ ಹಾಗೆ ಮಲಗಿಸಿ ಕಳಿಸಿದ್ಲು" ಎಂದು.

ಅದಾಗಿ ಎರಡು ವರ್ಷಕ್ಕೆ, ನವೆಂಬರಿನ ಒಂದು ಬುಧವಾರ, ಬೆಳಗಿನ ಹತ್ತು ಗಂಟೆಗೆ ಝುಲ್ಮೀರಾ ಕರೆ ಮಾಡಿದಳು.

ಝುಲ್ಮೀರಾ ನಮ್ಮ ಬೀದಿಯಿಂದ ನಾಲ್ಕು ಬೀದಿ ಕೆಳಗೆ, ಇಳಿಜಾರಿನಲ್ಲಿ, ಮೂರನೆಯ ಅಂತಸ್ತಿನಲ್ಲಿ ಒಬ್ಬಳೇ ಇದ್ದವಳು. ಎಂಬತ್ತನಾಲ್ಕು ವಯಸ್ಸು, ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಮೂವತ್ತು ವರ್ಷ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟವಳಲ್ಲ. ಪವಿತ್ರಾತ್ಮದ ಹಬ್ಬದಲ್ಲಿ ಸಾರಿನ ಹಂಡೆಯ ಮುಂದೆ ಸೌಟು ಹಿಡಿದು ನಿಲ್ಲುವವಳು ಅವಳೇ. ಯಾರ ಮನೆಯಲ್ಲಿ ಎಷ್ಟು ಜನ ಎಂದು ನೋಡದೆಯೇ ಗೊತ್ತು ಅವಳಿಗೆ. ಕರೆಯಲ್ಲಿ ಹೆಸರು, ವಿಳಾಸ, ಹುಟ್ಟಿದ ತಾರೀಕು ಎಲ್ಲವನ್ನೂ ದುಭಾಷಿಯೇ ದಾಟಿಸಬೇಕಲ್ಲ, ಆದರೆ ಹೆಸರು ಕೇಳುವುದಕ್ಕೂ ಮೊದಲೇ ದನಿಯಲ್ಲೇ ಇದಲೀನಾ ಗುರುತು ಹಿಡಿದಳು.

ಗುರುತಿನವರು ಎಂದು ಹೇಳಿ ಬಿಟ್ಟುಕೊಡಬೇಕಿತ್ತು. ಹೇಳಲಿಲ್ಲ. ಬಿಟ್ಟುಕೊಟ್ಟರೆ ಮುಂದೆ ಸಿಗುವವಳು ಬ್ರೆಜಿಲಿನವಳೋ ಲಿಸ್ಬನ್ನಿನವಳೋ. ನಮ್ಮ ಮುದುಕಿಯರು ಮಾತಾಡಿದರೆ ಅವರಿಗೆ ಅರ್ಧ ಅರ್ಥವಾಗುವುದಿಲ್ಲ. ತಾನಿದ್ದರೆ ಒಳ್ಳೆಯದು ಎಂದು ಉಳಿದುಕೊಂಡಳು. ಆ ಕರೆಯನ್ನು ಅವಳು ಆಮೇಲೆ ನನ್ನ ಅಡುಗೆಮನೆಯಲ್ಲಿ ಕೂತು ಮಾತಿಗೆ ಮಾತು ಹೇಳಿದ್ದಾಳೆ.

"ಇವತ್ತು ಏನು ತೊಂದರೆ ಆಗ್ತಿದೆ ಮೇಡಂ?" ಎಂದು ನರ್ಸ್ ಕೇಳಿದಳು.

"ಅಯ್ಯೋ, ಏನಿಲ್ಲ ಮಗಳೇ. ಕೆಳಗಿನ ಮನೆಯವಳು ಬಲವಂತ ಮಾಡಿ ನಂಬರ್ ಒತ್ತಿಕೊಟ್ಟು ಕೆಲಸಕ್ಕೆ ಹೋದ್ಲು. ಬೆಳಿಗ್ಗೆಯಿಂದ ಒಂಚೂರು ಸಂಕಟ. ಅಷ್ಟೆ."

ಇದಲೀನಾ ಪಟ್ಟಿಯಲ್ಲಿದ್ದ ಪದವನ್ನೇ ಹೇಳಿದಳು. ಕಳವಳ.

"ಇಂಥ ಕಳವಳ ಮೊದಲೂ ಆಗಿತ್ತಾ? ಇತ್ತೀಚೆಗೆ ಹತ್ತಿರದವರು ಯಾರಾದ್ರೂ ತೀರಿಕೊಂಡ್ರಾ?"

"ನನ್ನ ವಯಸ್ಸಿಗೆ ತೀರಿಕೊಳ್ಳದೇ ಇರೋರು ಯಾರು ಮಗಳೇ?"

"ಎದೆ ನೋವು ಇದೆಯಾ?"

"ನೋವಾ? ಇಲ್ಲಪ್ಪ, ಸುಳ್ಳು ಯಾಕೆ ಹೇಳ್ಲಿ. ನೋವಲ್ಲ ಅದು. ಸಂಕಟ."

"ಉಸಿರಾಡೋಕೆ ಕಷ್ಟ ಆಗ್ತಿದೆಯಾ?"

"ಮೂರು ಮಹಡಿ ಹತ್ತಿದ್ರೆ ಯಾರಿಗೆ ತಾನೇ ಕಷ್ಟ ಆಗಲ್ಲ? ಅದು ಹಳೇದು. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಅಂತ ಹೇಳು."

"ಸೊನ್ನೆಯಿಂದ ಹತ್ತರವರೆಗೆ ಒಂದು ಸಂಖ್ಯೆ ಹೇಳಿ ಮೇಡಂ. ಹತ್ತು ಅಂದ್ರೆ ತಡೆಯೋಕೇ ಆಗದಷ್ಟು."

"ಎಷ್ಟು ಹೇಳಿದ್ರೆ ಅವರಿಗೆ ತೊಂದರೆ ಆಗಲ್ಲ ಮಗಳೇ? ನಾಲ್ಕು ಅಂತ ಹಾಕು."

ಇದಲೀನಾ ಅದನ್ನೂ ಹಾಗೆಯೇ ದಾಟಿಸಿದಳು. ನರ್ಸ್ ನಕ್ಕಳು. ಒಳ್ಳೆಯವಳೇ. "ನಮಗೇನೂ ತೊಂದರೆ ಇಲ್ಲ ಮೇಡಂ, ನಿಮಗೋಸ್ಕರವೇ ಇರೋದು ನಾವು" ಎಂದಳು. ಆಮೇಲೆ ಇನ್ನೂ ಎಂಟು ಹತ್ತು ಪ್ರಶ್ನೆ. ಬೆವರುತ್ತಿದೆಯಾ ಎಂದದ್ದಕ್ಕೆ ಮುದುಕಿ, ಒಲೆ ಹಚ್ಚಿದ್ದೀನಿ, ಬೆವರದೆ ಏನು ಅಂದಳು. ಕೊನೆಗೆ ಪರದೆ ದಾರಿ ಹೇಳಿತು. ಅದೇ ದಿನ ಕ್ಲಿನಿಕ್ಕು. ಮಧ್ಯಾಹ್ನ ಎರಡು ಗಂಟೆಗೆ ಕಾರು ಬರುತ್ತದೆ, ಕೋಟು ಹಾಕಿಕೊಂಡು ಸಿದ್ಧವಾಗಿರಿ, ಹೆಚ್ಚಾದರೆ ಮತ್ತೆ ಕರೆ ಮಾಡಿ.

"ಬೇರೆ ಏನಾದ್ರೂ ಕೇಳೋದಿದೆಯಾ ಮೇಡಂ?"

"ಈ ಮಾತು ದಾಟಿಸ್ತಿರೋ ಮಗಳು ಯಾರ ಮನೆಯವಳು? ನಮ್ಮ ಕಡೆಯ ಮಾತಿನ ಹಾಗೇ ಇದೆ."

ಇದಲೀನಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. "ಕ್ಷಮಿಸಿ, ಅದನ್ನ ಹೇಳೋ ಹಾಗಿಲ್ಲ" ಎಂದಳು ನರ್ಸ್. ಅದನ್ನು ನಮ್ಮ ಮಾತಿಗೆ ತಂದು ಮುದುಕಿಗೆ ಹೇಳಿದವಳೂ ಇದಲೀನಾಳೇ. "ಕ್ಷಮಿಸಿ, ಅದನ್ನ ಹೇಳೋ ಹಾಗಿಲ್ಲ."

"ಇರಲಿ ಬಿಡು. ದೇವರು ನಿಮ್ಮಿಬ್ಬರಿಗೂ ಒಳ್ಳೇದು ಮಾಡ್ಲಿ" ಎಂದು ಝುಲ್ಮೀರಾ ಫೋನ್ ಇಟ್ಟಳು. ಒಟ್ಟು ಹದಿನೇಳು ನಿಮಿಷ. ತಕ್ಷಣ ಮುಂದಿನ ಕರೆ ಬಂತು, ಯಾವುದೋ ಮಗುವಿನ ಜ್ವರ.

ನಾಲ್ಕು ಗಂಟೆಗೆ ಪಾಳಿ ಮುಗಿಯಿತು. ಇದಲೀನಾ ಕೋಟು ಹಾಕಿಕೊಂಡು, ಬ್ರೆಡ್ಡು ತರುತ್ತೇನೆಂದು ಗ್ವಾಲ್ತೆರನಿಗೆ ಹೇಳಿ ಇಳಿಜಾರಿಗಿಳಿದಳು. ನನ್ನ ಕಿಟಕಿಯ ಮುಂದೆಯೇ ಹಾದು ಹೋದದ್ದು ನನಗೆ ನೆನಪಿದೆ. ಬೇಕರಿ ಇರುವುದು ಮೇಲಿನ ಬೀದಿಯಲ್ಲಿ, ಇವಳೇಕೆ ಕೆಳಗೆ ಹೋಗುತ್ತಿದ್ದಾಳೆ ಅಂದುಕೊಂಡೆ.

ಝುಲ್ಮೀರಾಳ ಮನೆಯ ಎದುರು ನಿಂತಳು. ಮೂರನೆಯ ಅಂತಸ್ತಿನ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಕಿಟಕಿ ಒಂದಿಷ್ಟು ತೆರೆದಿತ್ತು, ನಮ್ಮ ಭಾಷೆಯ ರೇಡಿಯೋದಲ್ಲಿ ಸಂಜೆಯ ಜಪಸರದ ಪ್ರಾರ್ಥನೆ ಬರುತ್ತಿತ್ತು, ರಸ್ತೆಯವರೆಗೂ ಕೇಳುತ್ತಿತ್ತು. ಕ್ಲಿನಿಕ್ಕಿಗೆ ಹೋಗಿ ಬಂದು ಜಪ ಮಾಡುತ್ತಿದ್ದಾಳೆ ಎಂದುಕೊಂಡಳು. ಆದರೂ ರಸ್ತೆ ದಾಟಿ ಬಾಗಿಲಿಗೆ ಹೋದಳು. ಬೆರಳು ಗಂಟೆಯ ಹತ್ತಿರ ಹೋಗಿತ್ತು. ಬಾಗಿಲು ತೆಗೆದು 'ನಿಂಗೆ ಹೇಗೆ ಗೊತ್ತಾಯ್ತು' ಎಂದು ಮುದುಕಿ ಕೇಳಿದರೆ? ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ, ಫೋನಿನಲ್ಲಿದ್ದವಳು ಇವಳೇ ಎಂದು ಪ್ರೀತಿಯಿಂದಲೇ ಹೇಳಿದರೆ? ಕೆಲಸ ಹೋಗುತ್ತದೆ. ಕೆಲಸದ ಜೊತೆ ಗ್ವಾಲ್ತೆರನ ಚಿಕಿತ್ಸೆಯೂ ಹೋಗುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡಳು. ಹತ್ತಿ ಬರುವಾಗ ಬ್ರೆಡ್ಡನ್ನೂ ತಂದಳು.

ಝುಲ್ಮೀರಾಳನ್ನು ಮೊದಲು ನೋಡಿದವನು ಅವಳ ತಂಗಿಯ ಮಗ ಎರ್ಮೀನಿಯು. ಪಕ್ಕದ ಬಂದರು ಊರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಪ್ರತಿ ಶುಕ್ರವಾರ ಚಿಕ್ಕಮ್ಮ ದೊಡ್ಡಮ್ಮಂದಿರಿಗೆಲ್ಲ ಮೀನು ಹಂಚುವವನು. ಆ ಶುಕ್ರವಾರ ಮೀನಿನ ಪೊಟ್ಟಣ ಹಿಡಿದುಕೊಂಡೇ ಬಾಗಿಲು ತೆರೆದ. ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಕೋಟು ಹಾಕಿ, ಗುಂಡಿಗಳನ್ನೆಲ್ಲ ಹಚ್ಚಿ, ತಲೆಗೆ ಬಟ್ಟೆ ಕಟ್ಟಿ, ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ರೇಡಿಯೋ ಇನ್ನೂ ಹಾಡುತ್ತಿತ್ತು. ಬುಧವಾರ ಎರಡು ಗಂಟೆಗೆ ಬಂದ ಕಾರಿನವನು ಎರಡು ಸಲ ಗಂಟೆ ಒತ್ತಿದ್ದ. ಐದು ನಿಮಿಷ ಕಾದು, ಪ್ರಯಾಣಿಕರು ಬರಲಿಲ್ಲ ಎಂದು ಗುರುತು ಹಾಕಿಕೊಂಡು ಹೋಗಿದ್ದ. ಅವನಿಗಿದ್ದ ನಿಯಮ ಅಷ್ಟೇ.

ಶವಸಂಸ್ಕಾರದ ಪೂಜೆಗೆ ಇದಲೀನಾ ಬಂದಳು. ಚರ್ಚಿನ ಸಭಾಂಗಣದಲ್ಲಿ ಎಲ್ಲರಿಗೂ ಸಾರು ಬಡಿಸಿದಳು. ಆ ಸಂಜೆ ನನ್ನ ಅಡುಗೆಮನೆಗೆ ಬಂದು ಕೂತು, ಬಾಗಿಲು ಹಾಕಿಸಿ, ಎಲ್ಲವನ್ನೂ ಹೇಳಿದಳು. ಅಷ್ಟು ವರ್ಷ ಒಬ್ಬರ ಮಾತನ್ನೂ ಹೊರಗೆ ಹಾಕದವಳು.

ನಾನು ಸಮಾಧಾನ ಮಾಡಲು ನೋಡಿದೆ. "ನೀನು ಬಾಗಿಲ ಹತ್ತಿರ ಹೋದಾಗ ಎಲ್ಲ ಮುಗಿದು ಹೋಗಿತ್ತು ಕಣೇ. ಮಧ್ಯಾಹ್ನಕ್ಕೇ ಹೋಗಿದ್ದಾಳೆ ಅಂತ ಡಾಕ್ಟರು ಹೇಳಿದ್ದನ್ನ ಎರ್ಮೀನಿಯು ನಂಗೆ ಹೇಳಿದ. ಗಂಟೆ ಒತ್ತಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ."

"ಹಾಗಾದ್ರೆ ಅವಳನ್ನ ಉಳಿಸಬಹುದಾಗಿದ್ದದ್ದು ಹತ್ತು ಗಂಟೆಯ ಕರೆ ಒಂದೇ" ಎಂದಳು.

ಅವಳೇ ಮುಂದುವರಿಸಿದಳು. "ಸಂಕಟ ಅನ್ನೋ ಮಾತು ಬಿಡು ಕೊಮಾದ್ರೆ. ಅದು ಪಟ್ಟಿಯಲ್ಲಿರೋ ಮಾತು. ಆ ಮುದುಕಿ ಒಂದೊಂದು ಮಾತಿಗೂ ನಿಲ್ಲಿಸ್ತಿದ್ಲು. ಎರಡು ಪದ, ಉಸಿರು. ಎರಡು ಪದ, ಉಸಿರು. ಭಾಷೆ ಬರದೋರಿಗೆ ಅದು ಕೇಳಿಸಲ್ಲ, ಮುದುಕರು ಹೀಗೇ ಮಾತಾಡ್ತಾರೇನೋ ಅಂದ್ಕೋತಾರೆ. ನಂಗೆ ಕೇಳಿಸ್ತು. ಅವಳು ನಾಲ್ಕು ಸಲ ನಿಲ್ಲಿಸಿ ಹೇಳಿದ್ದನ್ನ ನಾನು ಒಂದೇ ಉಸಿರಿಗೆ ಚೆಂದವಾಗಿ ಹೇಳ್ದೆ. ನರ್ಸ್ ಕಿವಿಗೆ ಬಿದ್ದಿದ್ದು ನನ್ನ ಉಸಿರು."

ಫೆಬ್ರವರಿಯಲ್ಲಿ ಕಂಪನಿಯಿಂದ ಒಂದು ಲಕೋಟೆ ಬಂತು. ಮರಣ ಸಂಭವಿಸಿದ್ದರಿಂದ ಕರೆಯ ಧ್ವನಿಮುದ್ರಣವನ್ನು ಮೂವರು ಕೂತು ಕೇಳಿದರಂತೆ. ನರ್ಸ್ ಒಂದು ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ. ದುಭಾಷಿ ಒಂದು ಪದವನ್ನೂ ಸೇರಿಸಿರಲಿಲ್ಲ, ಒಂದು ಪದವನ್ನೂ ಬಿಟ್ಟಿರಲಿಲ್ಲ. ಹಿಂದೆ ತಿದ್ದಿಕೊಳ್ಳಬೇಕಾಗಿದ್ದ ಕಡೆ ಚೆನ್ನಾಗಿ ತಿದ್ದಿಕೊಂಡಿದ್ದಾರೆ ಎಂದು ಒಳಗೆ ಒಂದು ಪ್ರಶಂಸಾಪತ್ರವಿತ್ತು, ದಪ್ಪ ಕಾಗದ, ಅಂಚಿಗೆ ನೀಲಿ ಗೆರೆ. ಗ್ವಾಲ್ತೆರನಿಗೆ ವಿಷಯ ಗೊತ್ತಿರಲಿಲ್ಲ. ಹೆಮ್ಮೆಯಿಂದ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಎರ್ಮೀನಿಯು ಬಂದದ್ದು ಮಾರ್ಚಿನಲ್ಲಿ. ವಕೀಲರ ಮೂಲಕ ಕೇಳಿ ಆ ಧ್ವನಿಮುದ್ರಣವನ್ನು ತರಿಸಿಕೊಂಡಿದ್ದ. ನಾನು ಆಗ ಇದಲೀನಾಳ ಮನೆಯಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಬಂದವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಫ್ರಿಜ್ಜಿನ ಮೇಲಿದ್ದ ಪತ್ರವನ್ನು ನೋಡಿದ, ಓದಿದನೋ ಇಲ್ಲವೋ ಗೊತ್ತಿಲ್ಲ.

"ಅಕ್ಕಾ, ಆ ಟೇಪಿನಲ್ಲಿರೋದು ನೀವೇ ತಾನೇ?"

ಇದಲೀನಾ ಇಲ್ಲ ಅನ್ನಬಹುದಿತ್ತು. ನಿಯಮವೂ ಅದೇ. "ಹೌದು" ಎಂದಳು.

"ದೊಡ್ಡಮ್ಮ ಹೇಳಿದ್ದು ನಿಮಗೆ ಅರ್ಥ ಆಗಿತ್ತಾ?"

"ಆಗಿತ್ತು."

"ಮತ್ತೆ?"

"ಅವರು ಹೇಳಿದ್ದನ್ನೇ ಹೇಳ್ದೆ ಎರ್ಮೀನಿಯು."

ಅವನು ಕೂಗಾಡುತ್ತಾನೆ ಎಂದು ನಾನು ಕಾಯುತ್ತಿದ್ದೆ. ಕೂಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. "ನಂಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಕ್ಕಾ, ಇಲ್ಲೇ ಹುಟ್ಟಿದ್ದಲ್ವಾ? ಟೇಪು ಹಾಕಿದ್ರೆ ದೊಡ್ಡಮ್ಮನ ಮಾತಿಗಿಂತ ನಿಮ್ಮ ಮಾತೇ ಮೊದಲು ಕಿವಿಗೆ ಹೋಗುತ್ತೆ. ನಂಗೇನಿಲ್ಲ, ನೋವಿಲ್ಲ, ನಾಲ್ಕು ಅಂತ ಹಾಕಿ. ಎಲ್ಲ ನಿಮ್ಮ ದನೀಲಿ. ಈಗ ಅವಳನ್ನ ನೆನೆಸಿಕೊಂಡ್ರೂ ನಿಮ್ಮ ದನೀನೇ ಬರುತ್ತೆ."

ಇದಲೀನಾ ಅವನ ಮುಂದೆ ಕಾಫಿ ಇಟ್ಟಳು. ಅವನು ಕುಡಿದ. "ದೂರು ಕೊಡಲ್ಲ" ಎಂದ. "ಯಾರ ಮೇಲೆ ಕೊಡೋದು? ವಕೀಲರೂ ಅದನ್ನೇ ಕೇಳಿದ್ರು." ಟೋಪಿ ಹಾಕಿಕೊಂಡು ಇಳಿದು ಹೋದ. ಆಮೇಲೆ ಚರ್ಚಿನಲ್ಲಿ ಎದುರು ಸಿಕ್ಕರೆ ತಲೆ ಬಾಗಿಸುತ್ತಿದ್ದ, ಅಷ್ಟೆ. ಅವನಿಂದ ಬೈಸಿಕೊಂಡಿದ್ದರೆ ಇವಳಿಗೆ ಸುಲಭವಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಈಸ್ಟರ್ ಹಬ್ಬ ಕಳೆದ ಮೇಲೆ ಇದಲೀನಾ ಪಾದ್ರಿಗಳನ್ನು ಕೇಳಿ ಚರ್ಚಿನ ಸಭಾಂಗಣದಲ್ಲಿ ಒಂದು ಪಾಠ ಏರ್ಪಡಿಸಿದಳು. ಫೋನಿನಲ್ಲಿ ನರ್ಸಿನ ಜೊತೆ ಹೇಗೆ ಮಾತಾಡಬೇಕು ಎಂದು. ಒಂಬತ್ತು ಜನ ಮುದುಕಿಯರು ಬಂದರು. ಸಿಹಿ ಬ್ರೆಡ್ಡು ಇದೆ ಎಂದು ನಾನು ಹೇಳಿಕೊಂಡು ಬಂದಿದ್ದರಿಂದ ಬಂದವರೇ ಹೆಚ್ಚು.

"ಸಂಕಟ ಅನ್ನಬೇಡಿ. ಎದೆ ಅನ್ನಿ. ಎದೆ ಹಿಂಡ್ತಿದೆ, ಉಸಿರು ಸಿಗ್ತಿಲ್ಲ ಅನ್ನಿ. ಏನಿಲ್ಲ ಅಂತ ಶುರು ಮಾಡಲೇಬೇಡಿ. ಏನಿಲ್ಲದಿದ್ರೆ ಫೋನ್ ಯಾಕೆ ಮಾಡ್ತಿದ್ರಿ? ನಂಬರ್ ಕೇಳಿದ್ರೆ ಎಂಟು ಅನ್ನಿ, ಒಂಬತ್ತು ಅನ್ನಿ."

ಜಸಿಂತಾ ಎಂಬಾಕೆ ಮುಂದಿನ ಸಾಲಿನಲ್ಲಿ ಕೂತಿದ್ದಳು, ಎಂಬತ್ತರ ಮೇಲಾಗಿತ್ತು. "ಒಂಬತ್ತು ಇರದಿದ್ರೂ ಒಂಬತ್ತು ಅನ್ನಬೇಕಾ?" ಎಂದು ಕೇಳಿದಳು.

"ಹೌದು ತಾಯಿ."

"ಅದು ಸುಳ್ಳಾಗಲ್ವಾ? ಚರ್ಚಿನ ಜಾಗದಲ್ಲೇ ಕೂರಿಸಿ ಸುಳ್ಳು ಹೇಳಿಕೊಡ್ತೀಯಲ್ಲೇ!"

ಎಲ್ಲರೂ ನಕ್ಕರು. ಇನ್ನೊಬ್ಬಳು, "ನಾನು ಹೆರಿಗೆ ನೋವನ್ನೇ ಎಂಟು ಅಂದಿರಲಿಲ್ಲ. ಈಗ ಗೊತ್ತಿಲ್ಲದ ಹುಡುಗಿ ಮುಂದೆ ಎಂಟು ಅನ್ಲಾ?" ಎಂದಳು.

"ಆಂಬುಲೆನ್ಸ್ ಬಂದ್ರೆ ಇಡೀ ಬೀದಿ ಕಿಟಕಿಗೆ ಬರುತ್ತೆ. ಇನ್ನೂ ಸತ್ತಿಲ್ವಲ್ಲ ಅಂತ ನೋಡೋಕೆ" ಎಂದಳು ಮತ್ತೊಬ್ಬಳು.

"ನೀನಿದ್ದೀಯಲ್ಲ ಮಗಳೇ ಫೋನಿನಲ್ಲಿ" ಎಂದಳು ಜಸಿಂತಾ ಮೆತ್ತಗೆ. "ನಾವು ಹೇಗೆ ಹೇಳಿದ್ರೂ ನೀನು ತಿಳ್ಕೊಂಡು ಸರಿಯಾಗಿ ಹೇಳಲ್ವಾ?"

ಇದಲೀನಾ ಅಲ್ಲಿಗೆ ಪಾಠ ನಿಲ್ಲಿಸಿದಳು. ಬ್ರೆಡ್ಡು ಕೊಯ್ದು ಕೊಟ್ಟೆವು. ಎರಡನೆಯ ಪಾಠ ನಡೆಯಲಿಲ್ಲ.

ಕೆಲಸ ಬಿಡುವ ಹಾಗಿರಲಿಲ್ಲ, ಆದ್ದರಿಂದ ಬಿಡಲಿಲ್ಲ. ಆದರೆ ಅವಳ ಮಾತು ಬದಲಾಯಿತು. ಕರೆ ಮಾಡಿದವರು ಎಲ್ಲಿ ನಿಲ್ಲಿಸುತ್ತಾರೋ ಇವಳೂ ಅಲ್ಲಲ್ಲೇ ನಿಲ್ಲಿಸತೊಡಗಿದಳು. ಅವರು ಏದುಸಿರು ಬಿಟ್ಟರೆ ಇವಳೂ ಏದುಸಿರು ಬಿಡುತ್ತಿದ್ದಳು. ಪದ ಸೇರಿಸುತ್ತಿರಲಿಲ್ಲ, ಬಿಡುತ್ತಿರಲಿಲ್ಲ, ಉಸಿರನ್ನು ಮಾತ್ರ ದಾಟಿಸುತ್ತಿದ್ದಳು. ಹಾಗೆ ಮಾಡಿದ ಎರಡು ಮೂರು ಕರೆಗಳಿಗೆ ಆಂಬುಲೆನ್ಸ್ ಹೊರಟಿತೆಂದು ನನಗೆ ಹೇಳಿದಾಗ ಅವಳ ಮುಖದಲ್ಲಿ ಬಹಳ ದಿನದ ಮೇಲೆ ಒಂದಿಷ್ಟು ಕಳೆ ಇತ್ತು. ಆ ಮುದುಕರು ಏನಾದರೋ, ಅವಳಿಗೆ ತಿಳಿಯಲಿಲ್ಲ.

ನರ್ಸುಗಳು ದೂರಿದರು. ದುಭಾಷಿಗೆ ಹುಷಾರಿಲ್ಲವೇನೋ, ತೊದಲುತ್ತಾಳೆ, ನಿಧಾನ, ಕರೆಗಳು ಉದ್ದವಾಗುತ್ತಿವೆ. ಮೇಲಧಿಕಾರಿ ಮತ್ತೆ ಧ್ವನಿಮುದ್ರಣ ಕೇಳಿಸಿಕೊಂಡಳು.

"ನೀವು ಬೇಕೂಂತಲೇ ಮಾಡ್ತಿದ್ದೀರಾ?"

"ಅವರು ಹೇಗೆ ಹೇಳ್ತಾರೋ ಹಾಗೇ ಹೇಳ್ತಿದ್ದೀನಿ."

"ನಾವು ದಾಟಿಸೋದು ಮಾತನ್ನ. ಸ್ಪಷ್ಟವಾಗಿ, ನಿಲ್ಲಿಸದೆ. ನಿಮಗೆ ವಿಶ್ರಾಂತಿ ಬೇಕು ಅನ್ಸುತ್ತೆ."

ಕೆಲಸದಿಂದ ತೆಗೆಯಲಿಲ್ಲ, ಅದೊಂದು ಪುಣ್ಯ. ತುರ್ತು ಕರೆಗಳಿಂದ ತೆಗೆದು ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು, ಒಲೆ ಇವುಗಳ ರಿಪೇರಿ ಕರೆಗಳಿಗೆ ಹಾಕಿದರು. ಗ್ವಾಲ್ತೆರನ ಚಿಕಿತ್ಸೆ ನಡೆಯುತ್ತಿದೆ. ಅವನು ಒಣಗಿದ್ದಾನೆ, ಆದರೂ ಬೆಳಿಗ್ಗೆ ಎದ್ದು ಹಕ್ಕಿಗೆ ಕಾಳು ಹಾಕುತ್ತಾನೆ.

ಈಗ ನಮ್ಮ ಮುದುಕರ ಕರೆಗೆ ಬೇರೆ ಯಾರೋ ಸಿಗುತ್ತಾರೆ. ಕಳೆದ ಚಳಿಗಾಲ ನಾನು ಜಸಿಂತಾಳ ಮನೆಯಲ್ಲಿದ್ದೆ. ಅವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ನಾನೇ ನಂಬರ್ ಒತ್ತಿದೆ. ದುಭಾಷಿ ಮೂರು ಸಲ "ಇನ್ನೊಮ್ಮೆ ಹೇಳಿ, ಅರ್ಥ ಆಗ್ಲಿಲ್ಲ" ಎಂದಳು. ನನ್ನ ಕಾರ್ಖಾನೆಯ ಇಂಗ್ಲಿಷಿನಲ್ಲಿ ನಾನು ಬಾಯಿ ಹಾಕಿದೆ. ರೋಗಿಯೇ ಮಾತಾಡಬೇಕು ಎಂದರು. ನಂಬರ್ ಕೇಳಿದರು. ನಾನು ಎರಡೂ ಕೈ ಎತ್ತಿ ಒಂಬತ್ತು ಬೆರಳು ತೋರಿಸಿದೆ. ಜಸಿಂತಾ ನನ್ನ ಕೈಗಳನ್ನು ನೋಡಿದಳು. "ಮೂರು ಮಗಳೇ" ಎಂದಳು. "ನಿಮ್ಮನ್ನ ಸುಮ್ಮನೆ ಕಾಡಿದೆ, ತಪ್ಪು ತಿಳ್ಕೋಬೇಡಿ." ಮನೆಯಲ್ಲೇ ಮಲಗಿ ಎಂದರು. ಫೋನ್ ಇಟ್ಟ ಮೇಲೆ ಅವಳಿಗೆ ಬಿಸಿನೀರು ಕೊಟ್ಟು ಬೆನ್ನು ಉಜ್ಜಿದೆ. ಆ ಸಲ ಅದು ತಾನಾಗಿ ಇಳಿಯಿತು.

ಏಪ್ರಿಲಿನಲ್ಲಿ ಜಸಿಂತಾ ಮನೆಯಲ್ಲೇ, ಮಂಚದ ಮೇಲೆ ಹೋದಳು. ನಾನು ಮೇಲೆ ಹತ್ತಿ ಇದಲೀನಾಳಿಗೆ ಸುದ್ದಿ ಹೇಳಿದೆ. ಅವಳು ಮಧ್ಯಾಹ್ನದ ಬಿಡುವಿನಲ್ಲಿ ಸಾರಿಗೆ ಸೊಪ್ಪು ಹೆಚ್ಚುತ್ತಿದ್ದಳು, ಕೆಲಸದ ಹೆಡ್‌ಫೋನು ಇನ್ನೂ ಕುತ್ತಿಗೆಯಲ್ಲೇ ಇತ್ತು.

"ಫೋನ್ ಮಾಡಿದ್ಲಾ?" ಎಂದು ಕೇಳಿದಳು.

"ಇಲ್ಲ."

ಇದಲೀನಾ ತಲೆಯಾಡಿಸಿದಳು. "ಒಳ್ಳೇದಾಯ್ತು ಬಿಡು, ಅವಳ ಮಾತನ್ನ ಯಾರೂ ದಾಟಿಸಬೇಕಾಗಲಿಲ್ಲ" ಎಂದು, ಹೆಚ್ಚಿದ್ದನ್ನು ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಉಗ್ರಾಣಕ್ಕೆ ಹೋಗಿ ಬಾಗಿಲು ಎಳೆದುಕೊಂಡಳು.